ಸಾಧು ಹುಲಿಗೆ ಆರತಿ ಎತ್ತಬೇಡ

ಏ ಮಾದೇವಿ, ಕೈಗೆ ಸಿಕ್ಕ ಕಾಗದದಲ್ಲೆಲ್ಲ ಕಡಲೆಪುರಿ ಕಟ್ಟಿಕೊಳ್ಳುವ ನಿನ್ನ ಚಾಳಿಯನ್ನು ಇವತ್ತೊಂದು ದಿನ ಬಿಡು. ಒಲೆಯ ಉರಿ ತಗ್ಗಿಸು, ಮೊಬೈಲು ಬೋರಲು ಹಾಕು, ಕೂತು ಓದು. ಓದುತ್ತ ಆಕಳಿಸಿದರೆ ನನಗೆ ಇಲ್ಲಿಂದಲೇ ಗೊತ್ತಾಗುತ್ತದೆ. ನೀನು ನನ್ನ ಅಜ್ಜಿಯ ಅಜ್ಜಿ, ನಿಜ. ಆದರೆ ಈ ಕಾಗದ ತಲುಪುವ ಹೊತ್ತಿಗೆ ನೀನಿನ್ನೂ ಎಳೇ ಹುಡುಗಿ, ಕಂಕುಳಲ್ಲಿ ಮಗು. ನನಗೋ ಹಲ್ಲೆಲ್ಲ ಉದುರಿ ಆಗಿದೆ. ಆದ್ದರಿಂದ ಬೈಯುವ ಹಕ್ಕು ನನ್ನದು, ಬೈಸಿಕೊಳ್ಳುವ ಸರದಿ ನಿನ್ನದು.

ಇಸವಿ ಎರಡು ಸಾವಿರದ ನೂರ ಅರವತ್ತೆಂಟು, ಹದಿಮೂರನೇ ತಿಂಗಳು. ಹೌದು, ಹದಿಮೂರನೆಯದೇ. ಮಳೆ ತನ್ನ ತಿಂಗಳುಗಳನ್ನೆಲ್ಲ ತಪ್ಪಿಸಿಕೊಂಡು ತಿರುಗತೊಡಗಿದ ಮೇಲೆ, ಬಿತ್ತನೆಗೊಂದು ಲೆಕ್ಕ ಬೇಕೆಂದು ನಮ್ಮವರು ವರ್ಷದ ಬಾಲಕ್ಕೆ ಇನ್ನೊಂದು ತಿಂಗಳು ಹೊಲಿದರು. ಕಾಯುವ ತಿಂಗಳು ಎಂದು ಅದರ ಹೆಸರು. ನಾನು ಓದಿದ್ದು ನಮ್ಮ ತಡಸಲಹುಂಡಿಯ ಶಾಲೆಯಲ್ಲಿ, ನಾಲ್ಕನೇ ಕ್ಲಾಸಿನವರೆಗೆ. ಮಾತು ಒರಟಾಗಿದ್ದರೆ, ಪದಗಳು ವಿಚಿತ್ರವೆನಿಸಿದರೆ ಕ್ಷಮಿಸು. ಈ ಕಾಗದ ಬರುವುದು ಹಿಂದಂಚೆಯಲ್ಲಿ. ನಿಮ್ಮ ಅಂಚೆ ಊರಿಂದ ಊರಿಗೆ ಹೋಗುತ್ತದೆ. ಇದು ಹಿಂದಿನ ಕಾಲಕ್ಕೆ ಹೋಗಿ ಉತ್ತರ ತರುತ್ತದೆ, ಅದೂ ಸ್ವಂತ ರಕ್ತದವರಿಂದ ಮಾತ್ರ. ಹೇಗೆಂದು ಕೇಳಬೇಡ. ಮೊಬೈಲು ಹೇಗೆ ಮಾತಾಡುತ್ತದೆಂದು ನಿನಗೇನು ಗೊತ್ತು?

ಇಲ್ಲಿ ಬಿಸಿಲೇರಿದ ಮೇಲೆ ಯಾರೂ ಹೊರಗಿರುವುದಿಲ್ಲ. ನೆಲಮನೆಗೆ, ಅಂದರೆ ಮನೆಯಡಿ ತೋಡಿದ ತಂಪು ಕೋಣೆಗೆ ಇಳಿದು, ಮುದ್ದೆ ಉಂಡು ಮಲಗುತ್ತೇವೆ. ಸಂಜೆ ಎದ್ದರೆ ಮೊದಲ ಕೆಲಸ ಮೂಸುಗಂಬ ಒರೆಸುವುದು. ಕಾಡಂಚಿನುದ್ದಕ್ಕೂ ನೆಟ್ಟಿರುವ ಈ ಕಂಬಗಳು ಹಾದುಹೋಗುವ ಪ್ರಾಣಿಯ ಉಸಿರನ್ನು ಮೂಸಿ, ಅದು ಯಾವುದು, ಗಂಡೋ ಹೆಣ್ಣೋ, ಮೈಯಲ್ಲಿ ಏನು ರೋಗ ಎಂದು ಹೇಳುತ್ತವೆ. ಮನೆಗೊಂದು ಕಂಬ. ನಿಮ್ಮಲ್ಲಿ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುವ ಹಾಗೆ ನಮ್ಮಲ್ಲಿ ಇದು; ಒರೆಸದ ಸೊಸೆಗೆ ಊರೆಲ್ಲ ಬೈಗುಳ. ನಮ್ಮ ಮನೆಯ ಕಂಬ ಬಲು ಚಾಡಿಕೋರ. ನಾನು ಎಲೆಯಡಿಕೆ ಹಾಕಿಕೊಂಡು ಹೋದರೆ "ಮುದುಕಿ, ಹೊಗೆಸೊಪ್ಪು" ಎಂದು ಊರಿಗೆಲ್ಲ ಕೇಳುವಂತೆ ಕೂಗುತ್ತದೆ. ಈ ಕಂಬಗಳ ಮಾತನ್ನೆಲ್ಲ ಕೂಡಿಸಿ ಹುಲಿಗಳ ಆರೋಗ್ಯದ ಮೇಲೆ ಸಂಶೋಧನೆ ಮಾಡುವವಳು ನನ್ನ ಮೊಮ್ಮಗಳು ಸಂಪಿಗೆ. ಹುಲಿಯ ಹಿಕ್ಕೆ ಸಿಕ್ಕಿತೆಂದರೆ ಹಬ್ಬದೂಟ ಸಿಕ್ಕವಳ ಹಾಗೆ ಓಡಿಬರುತ್ತಾಳೆ. ಆ ಹಬ್ಬವೂ ಈಗ ಅಪರೂಪ. ನಮ್ಮ ಕಾಡಿನಲ್ಲಿ ಉಳಿದಿರುವುದು ಒಂದೇ ಹೆಣ್ಣು ಹುಲಿ, ಅದರ ಎರಡು ಮರಿ.

ಮೊನ್ನೆ ಆ ಹುಲಿ ಹಾಡಹಗಲಲ್ಲಿ ಕೆರೆ ಏರಿಯ ಮೇಲೆ ಬಂದು ಕೂತಿತು. ಜನ ಹತ್ತಿರ ಹೋದರೂ ಗುರುಗುಟ್ಟಲಿಲ್ಲ. ಕತ್ತು ತೂಗುತ್ತ ಸುಮ್ಮನೆ ಕೂತಿತ್ತು. ನಮ್ಮೂರ ದೇವರ ಪೂಜೆ ಮಾಡುವ ಗುಡ್ಡಪ್ಪ ಕೆಂಪಸಿದ್ದ, ಮಾದಪ್ಪ ಏರಿ ಬರುವ ಹುಲಿಯೇ ಇದು ಎಂದ. ಅಷ್ಟು ಸಾಕಾಯಿತು. ಕಾಯಿ, ಕರ್ಪೂರ ಹಿಡಿದು ಎಲ್ಲರೂ ಆ ಬಿಸಿಲಲ್ಲೇ ಓಡಿದರು. ಸಂಪಿಗೆ ಅಡ್ಡ ನಿಂತಳು.

"ಮಾದಪ್ಪನ ಹುಲಿನೇ ಮರೆ ಮಾಡಿ ನಿಂತ್ಕತೀಯೇನವ್ವ ನೀನು?" ಎಂದು ಕೆಂಪಸಿದ್ದ ಕೂಗಾಡಿದ.

"ಅದು ಸಾಧು ಆಗಿಲ್ಲ ಕಣಣ್ಣ, ಅದರ ಮಿದುಳು ಬೇಯ್ತಾ ಅದೆ" ಎಂದಳು ಇವಳು.

ಕಂಬವೂ ಅದನ್ನೇ ಹೇಳಿತ್ತು. ಇದು ನಾಯಿಗಳಿಂದ ದಾಟುವ ರೋಗ. ನಿಮ್ಮ ದನದ ಆಸ್ಪತ್ರೆಯಲ್ಲಿ ಡಿಸ್ಟೆಂಪರ್ ಅನ್ನುತ್ತಾರೆ. ಮಿದುಳಿಗೆ ಏರಿದರೆ ಹುಲಿಗೆ ಮನುಷ್ಯರ ಭಯ ಹೋಗುತ್ತದೆ, ಬೇಟೆ ಮರೆತುಹೋಗುತ್ತದೆ. ನೋಡುವವರ ಕಣ್ಣಿಗೆ ಮಾತ್ರ ಶಾಂತಮೂರ್ತಿ.

ಆ ಸಂಜೆ ಅವಳ ಮನಸ್ಸಿಗೆ ಸಮಾಧಾನವಾಗಲೆಂದು ನಾನು ನಮ್ಮ ಮನೆತನದ ಕತೆ ತೆಗೆದೆ. ನಿನ್ನ ಕತೆಯೇ. ಕೆಂಚ ಎಂಬ ನಾಯಿಗೆ ಕಾಯಿಲೆಯಾಗಿ ಕಣ್ಣಲ್ಲಿ ಕೀವು, ಬಾಯಲ್ಲಿ ಜೊಲ್ಲು ಸುರಿಯುತ್ತಿತ್ತಂತೆ. ಮನೆಯಲ್ಲಿ ಕಟ್ಟಿ ಸಾಯಿಸಿದರೆ ಪಾಪವೆಂದು, ಅಮಾವಾಸ್ಯೆಯ ದಿನ ಮಾದೇವಿ ಅದನ್ನು ಹಗ್ಗ ಹಿಡಿದು ಕಾಡಂಚಿಗೆ ನಡೆಸಿಕೊಂಡು ಹೋಗಿ, ಮುಂದೊಂದು ಮುದ್ದೆ ಇಟ್ಟು, ಮಾದಪ್ಪನಿಗೆ ಒಪ್ಪಿಸಿ ಬಂದಳಂತೆ. ಕೆಲವು ತಿಂಗಳಾದ ಮೇಲೆ ಹುಲಿಯೊಂದು ಆನೆ ಕಂದಕ ದಾಟಿ ಬಂದು ಹಿತ್ತಲಲ್ಲಿ ಸಾಧುವಾಗಿ ಕೂತಿತಂತೆ, ಮಾದೇವಿ ಆರತಿ ಎತ್ತಿದಳಂತೆ. ನಾಯಿಗೆ ತೋರಿದ ಕರುಣೆಗೆ ದೇವರೇ ದರ್ಶನ ಕೊಟ್ಟನೆಂದು ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದೇವೆ. ನಮ್ಮ ತೊಟ್ಟಿಲ ಹಾಡಿನಲ್ಲೂ ಆ ಹುಲಿ ಉಂಟು.

ಸಂಪಿಗೆ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಬಿಟ್ಟಳು. "ಅಜ್ಜಿ, ನಾಯಿ ವಿಚಾರನ ನಂಗೆ ಯಾವತ್ತೂ ಹೇಳ್ನೇ ಇಲ್ವಲ್ಲ?"

"ಹಾಡಲ್ಲಿ ಹುಲಿ ಇದ್ರೆ ಸಾಲ್ದಾ? ಬಡಕಲು ನಾಯಿ ಯಾರಿಗೆ ಬೇಕವ್ವ?" ಎಂದೆ. ಅವಳು ಆಮೇಲೆ ಉಣ್ಣಲಿಲ್ಲ.

ನಮ್ಮ ಕಾಡಿಗೆ ಹೊಕ್ಕ ಈ ರೋಗದ ಬೇರು ಹಿಡಿದು ಹೋದರೆ ಅದು ನಿನ್ನ ಕಾಲಕ್ಕೆ, ನಮ್ಮೂರ ಸುತ್ತಿನ ನಾಯಿಗಳಿಗೆ ಮುಟ್ಟುತ್ತದಂತೆ. ಒಂದೇ ಕೆಂಚನ ತಲೆಗೆ ಕಟ್ಟುವಂತಿಲ್ಲ, ಎಷ್ಟೋ ಮನೆಯವರು ಹೀಗೆ ಬಿಟ್ಟು ಬಂದಿರಬಹುದು ಎನ್ನುತ್ತಾಳೆ. ಅವಳದು ನ್ಯಾಯದ ಮಾತು. ನನ್ನ ಹೊಟ್ಟೆಯ ಉರಿಗೆ ಅಷ್ಟು ನ್ಯಾಯ ತಿಳಿಯದು.

ನಾಳೆ ಬೋನು ಬರುತ್ತದೆ. ಅವಳೇ ಹುಲಿಗೆ ಮತ್ತಿನ ಸೂಜಿ ಹೊಡೆದು ಒಯ್ಯಬೇಕು, ಅದು ಮತ್ತೆ ಕಾಡಿಗೆ ಬರುವುದಿಲ್ಲ. ಮರಿಗಳ ಉಸಿರು ಇನ್ನೂ ಶುದ್ಧ ಎನ್ನುತ್ತದೆ ಕಂಬ. ತಾಯಿಯಿಂದ ಬೇರೆ ಮಾಡಿದರೆ ರೋಗದಿಂದ ಉಳಿದಾವು. ಬೇಟೆ ಕಲಿಸುವವರಿಲ್ಲದೆ ಉಳಿಯುತ್ತವೆಯೋ ಕಾಣೆ. ದೇವರ ಹುಲಿಯ ಮೇಲೆ ಕೈ ಮಾಡುವವಳ ಮನೆಯೆಂದು ಊರವರು ನಮ್ಮ ಮನೆಯಲ್ಲಿ ನೀರು ಕುಡಿಯುವುದನ್ನೂ ಬಿಟ್ಟಿದ್ದಾರೆ.

ಈಗ ಕೆಂಚ ನಿನ್ನ ಹಿತ್ತಲಲ್ಲೇ ಬಿದ್ದಿರಬೇಕು. ಅವನನ್ನು ಕಾಡಿಗೆ ಬಿಡಬೇಡ. ಹುಚ್ಚೋ ಈ ರೋಗವೋ ತಿಳಿಯದೆ ಮೈ ಮುಟ್ಟಬೇಡ. ದನದ ಡಾಕ್ಟರನ್ನು ಕರೆಸು. ಸತ್ತರೆ ಆಳವಾಗಿ ಹೂಳಿಸು. ಊರಿನ ಮಿಕ್ಕ ನಾಯಿಗಳಿಗೆ ಲಸಿಕೆ ಹಾಕಿಸು. ಹುಚ್ಚಿನ ಸೂಜಿಯೊಂದೇ ಸಾಲದು, ಇದಕ್ಕೆ ಬೇರೆಯೇ ಇದೆ. ಅತ್ತೆ ಪಾಪ ಎಂದು ಬಾಯಿ ಬಡಿದುಕೊಂಡರೆ, ಆ ಪಾಪ ನನ್ನ ಪಾಲಿಗಿರಲಿ ಎನ್ನು. ನಾನಿನ್ನೂ ಹುಟ್ಟಿಲ್ಲ, ಎಷ್ಟು ಬೇಕಾದರೂ ಹೊರುತ್ತೇನೆ. ಮುಂದೆಂದಾದರೂ ಹುಲಿ ಸಾಧುವಾಗಿ ಬಂದು ಕೂತರೆ ಆರತಿ ತಟ್ಟೆ ಒಳಗಿಟ್ಟು, ಮಗುವನ್ನು ಎತ್ತಿಕೊಂಡು ಬಾಗಿಲು ಹಾಕಿ, ಅರಣ್ಯದವರಿಗೆ ಫೋನು ಮಾಡು.

ನೀನು ಮಾತು ಕೇಳಿದರೆ ಇಲ್ಲಿ ಕೆರೆ ಏರಿಯ ಮೇಲಿರುವುದು ಎದ್ದು ಕಾಡಿಗೆ ನಡೆಯುತ್ತದೆಯೇ? ಸಂಪಿಗೆಗೂ ಗೊತ್ತಿಲ್ಲ. ನಮ್ಮ ಮನೆಗೊಂದು ಹೆಮ್ಮೆಯ ಕತೆ ಇಲ್ಲದೆ ಹೋದರೆ ಹೋಗಲಿ. ನಿನ್ನ ಕಡೆ ಅಮಾವಾಸ್ಯೆ ಇನ್ನೂ ಬಂದಿಲ್ಲ. ಮುಂದಿನ ತಿಂಗಳು ಹುಟ್ಟುವ ಮುಂಚೆ ಉತ್ತರ ಬರೆ. ನಿನ್ನ ಕ್ಷೇಮ, ಮಗುವಿನ ಕ್ಷೇಮ ಆಮೇಲಾಯಿತು. ಕೆಂಚ ಎಲ್ಲಿದ್ದಾನೆ, ಅದನ್ನು ಮೊದಲ ಸಾಲಿನಲ್ಲೇ ಬರೆ.

ಚಿನ್ನತಾಯಿ