ಮೋಟುಗಾಲಿನ ಏಡಿ

ಜನವರಿ 7, 2025. ಅರಸೀಕೆರೆ

ಮತ್ತೆ ಅದೇ ಪುಟ. ಅರಬ್ ದೇಶಗಳ ಆರ್ಥಿಕತೆಯಲ್ಲಿ ಕೃತಿಸ್ವಾಮ್ಯ ಉದ್ಯಮಗಳ ಪಾತ್ರ — ಇಂಗ್ಲಿಷ್ ವರದಿ, ಕನ್ನಡಕ್ಕೆ ತರಬೇಕು. ಪುಸ್ತಕ, ಸಿನಿಮಾ, ಸಾಫ್ಟ್‌ವೇರ್, ಕರಕುಶಲ. ರಕ್ಷಣೆಯಿದ್ದರೆ ಸೃಷ್ಟಿ, ಸೃಷ್ಟಿಯಿದ್ದರೆ ಉದ್ಯೋಗ... ವಾಕ್ಯಗಳು ಒಂದರ ಬಾಲ ಒಂದು ಹಿಡಿದು ನಡೆಯುತ್ತವೆ.

ಮಧ್ಯಾಹ್ನ ಹಳೇಬೀಡಿನಿಂದ ಧರ್ಮೇಶ್ ಫೋನ್. ಕಲ್ಲು ಕೆತ್ತುವವನು. ಶಾರ್ಜಾಕ್ಕೆ ಕಳಿಸಿದ ನಲವತ್ತು ಕಲ್ಲಿನ ಏಡಿ ಅಲ್ಲಿನ ಕಸ್ಟಮ್ಸ್‌ನಲ್ಲಿ ನಿಂತಿವೆ. ಅಲ್ಲಿನ ಯಾವುದೋ ಕಂಪನಿ ಅದೇ ಏಡಿಯನ್ನು ರೆಸಿನ್‌ನಲ್ಲಿ ಎರಕ ಹೊಯ್ದು, 2021ರಲ್ಲೇ ತನ್ನ ಹೆಸರಿಗೆ ನೋಂದಾಯಿಸಿದೆ. ಈಗ ಇವನೇ ಕಳ್ಳ. ಇಪ್ಪತ್ತೈದರೊಳಗೆ ಏಡಿ ತನ್ನದೇ ಎಂಬ ರುಜುವಾತು ಕೊಡದಿದ್ದರೆ ಪುಡಿ ಮಾಡುತ್ತಾರಂತೆ.

"ನೀವು ಅರಬ್ಬರ ಕಾನೂನೇ ಬರೀತಿದೀರಂತಲ್ಲ ಸಾರ್."

ಬರೆಯುತ್ತಿಲ್ಲ, ಅನುವಾದಿಸುತ್ತಿದ್ದೇನೆ. ಅವನ ಪರ ಶಾರ್ಜಾದಲ್ಲಿರುವ ವಕೀಲರ ಇಮೇಲ್ ವಿಳಾಸ ಬರೆದುಕೊಂಡೆ.

ಜನವರಿ 11

ಅಲ್ಲಿನ ವಕೀಲರ ಇಮೇಲ್: ದಿನಾಂಕವಿರುವ ಮೂಲ ರೇಖಾಚಿತ್ರ ಕಳಿಸಿ. ಹಳೇಬೀಡಿಗೆ ಬಸ್ಸು. ಜಾವಗಲ್‌ವರೆಗೂ ನಿಂತೇ.

"ಕಲ್ ಮೇಲಿತ್ತು ಸಾರ್ ಡ್ರಾಯಿಂಗು. ಕಾವೀಲಿ ಬರೀತೀನಿ. ಉಳಿ ಬಿದ್ದಂಗೆಲ್ಲ ಗೆರೆ ಹೋಯ್ತದೆ."

"ಕಾಗದದ ಮೇಲೆ?"

ಅವನ ತಾಯಿ ಬೋರಮ್ಮ ಸೊಪ್ಪು ಬಿಡಿಸುತ್ತಲೇ, "ಏಡಿ ಕೆರೇಲೈತೆ ಕಣಪ್ಪ. ಕಾಗದದ ಮ್ಯಾಲ್ಯಾಕೆ ಬರೀಬೇಕು?"

ವರದಿಯಲ್ಲಿ ಇದಕ್ಕೊಂದು ಪರಿಭಾಷೆಯಿಲ್ಲ.

ಜನವರಿ 16

ಧರ್ಮೇಶ್ ತಾನೇ ಬಂದ. ಗೆದ್ದವನ ಮುಖ, ಕೈಯಲ್ಲಿ ಸುರುಳಿ. ಏಡಿಯ ಚಿತ್ರ, ಕೆಳಗೆ 12-8-2019. ತಿರುಗಿಸಿದೆ. ಕ್ಯಾಲೆಂಡರ್ ಹಾಳೆ — ನವೆಂಬರ್ 2024.

"ಹಿಂದ್ಗಡೆ ಯಾರ್ ನೋಡ್ತಾರೆ ಸಾರ್."

"ಅವರಿಗೆ ಅದೇ ಕೆಲಸ ಕಣೋ. ಸುಳ್ಳು ದಾಖಲೆ ಕಳಿಸೋದಿಲ್ಲ."

"ಹಂಗಾದ್ರೆ ನಾನೇ ಕದ್ದೋನು ಅನ್ನಿ."

ಹೋದ. ಕಾಫಿ ಕುಡಿಯಲಿಲ್ಲ.

ಜನವರಿ 21, ಬೆಳಿಗ್ಗೆ 6

ವಕೀಲರು ರೆಸಿನ್ ಏಡಿಯ ಫೋಟೋ ಕಳಿಸಿದ್ದಾರೆ. ಎಡಗಡೆ ಮೂರನೇ ಕಾಲು ಮೋಟು.

ನನ್ನ ಹಾಳೆಗಳು ಹಾರದಂತೆ ಐದು ವರ್ಷದಿಂದ ಕೂತಿರುವ ಏಡಿಯನ್ನು ಎತ್ತಿದೆ. ಧರ್ಮೇಶ್ ಕೆತ್ತಿದ ಮೊದಲನೆಯದು, ಅವನೇ ಕೊಟ್ಟದ್ದು. ಅದೇ ಕಾಲು ಮೋಟು. ಕಲ್ಲು ಸೀಳಿ ಮುರಿದದ್ದು. ಆಮೇಲೆ ಪ್ರವಾಸಿಗರಿಗೆ ಮಾರಿದವನ್ನೂ ಹಾಗೇ ಕೆತ್ತಿದ. ಎರಕದವರು ಮುರುಕನ್ನೂ ಬಿಟ್ಟಿಲ್ಲ.

ಕಲ್ಲಿಗೆ ದಿನಾಂಕವಿಲ್ಲ. ದಿನಚರಿಗಿದೆ. 2019ರದನ್ನು ಹುಡುಕಿದೆ. ಆಗಸ್ಟ್ 14. ಇದೆ. ಓದಿ, ಮುಚ್ಚಿಟ್ಟೆ.

ಜನವರಿ 22

ವಕೀಲರ ಪ್ರಕಾರ ಸಾಕ್ಷಿಯೆಂದರೆ ದಿನಚರಿಯ ಇಡೀ ಪುಟ, ಇಡೀ ಅನುವಾದ, ನಮ್ಮಿಬ್ಬರ ಸಹಿ. ಸಾಲು ಬಿಡುವಂತಿಲ್ಲ. ಮೂವತ್ತು ವರ್ಷದಿಂದ ಈ ದಿನಚರಿ ಯಾರೂ ಓದಬಾರದೆಂದೇ ಬರೆದದ್ದು.

ಜನವರಿ 23

ಧರ್ಮೇಶ್‌ನನ್ನು ಕರೆಸಿ ಓದಿದೆ. "ಧರ್ಮೇಶ್ ಒಂದು ಕಲ್ಲಿನ ಏಡಿ ಕೊಟ್ಟ. ಕಲ್ಲು ಸೀಳಿ ಒಂದು ಕಾಲು ಮೋಟಾಗಿದೆ."

"ಅದೇ ಸಾರ್. ಅದೇ." ಜೇಬಿನಿಂದ ಪೆನ್ನು ತೆಗೆದ. "ಮುಂದಕ್ಕೆ ಓದಿ."

ಓದಿದೆ. "ಕೆಲಸ ಒರಟು. ಸ್ವಂತದ್ದಿರಲಾರದು. ಎಲ್ಲಿಂದಲೋ ನಕಲು ಮಾಡಿರಬೇಕು."

ರಸ್ತೆಯಲ್ಲಿ ಯಾರೋ ಸ್ಕೂಟರ್ ಒದೆಯುತ್ತಲೇ ಇದ್ದರು. ಧರ್ಮೇಶ್ ಮೋಟುಗಾಲನ್ನು ಹೆಬ್ಬೆರಳಲ್ಲಿ ಸವರಿದ.

"ಕೇಳ್ಬೋದಿತ್ತಲ್ಲ ಸಾರ್. ಕೆರೆಗೇ ಕರ್ಕಂಡೋಗಿ ತೋರಿಸ್ತಿದ್ದೆ."

ಆಮೇಲೆ, "ಆ ಸಾಲು ಬಿಟ್ರೆ ಸುಳ್ಳಾಯ್ತದೆ, ಅಲ್ವ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಸಹಿ ಹಾಕಿ ಹೊರಟ.

ಜನವರಿ 24, ಬೆಳಿಗ್ಗೆ

ಕೊನೆಯ ದಿನ ನಾಳೆ. ಪುಟವನ್ನು ಇದ್ದಂತೆಯೇ ಕಳಿಸುತ್ತೇನೆ. ಅದರ ಜೊತೆಗೆ, ಇವತ್ತಿನ ದಿನಾಂಕದಲ್ಲಿ, ನನ್ನದೊಂದು ಹೇಳಿಕೆ. ಐದು ಸಲ ಹೊಡೆದುಹಾಕಿದೆ. ಈಗ ಉಳಿದಿರುವುದು ಇಷ್ಟು: ಮೇಲಿನ ಮಾತು ಬರೆದವನು ಈ ಏಡಿಯನ್ನು ಹಾಳೆ ಒತ್ತಲು ಬಳಸಿದ್ದಾನೆ, ಒಂದು ದಿನವೂ ಅದನ್ನು ಕಣ್ಣಿಟ್ಟು ನೋಡಿಲ್ಲ; ನಕಲೆಂದದ್ದು ಅವನ ಊಹೆ.