ಪಂಖಕ್ಕೆ ಹಾಕಿದ ಮಾಲೆ

ಗೋಪನಕೊಪ್ಪ, ಹುಬ್ಬಳ್ಳಿ
ಶನಿವಾರ, ೪ ಅಕ್ಟೋಬರ್ ೨೦೨೫

ಪ್ರೀತಿಯ ಜೆಸ್ಸಿ,

ನಿನಗೂ, ಇಷ್ಟರಲ್ಲೇ ನಮ್ಮ ಮನೆ ಆಳಲು ಬರಲಿರುವ ಆ ಪುಟ್ಟ ಯಜಮಾನತಿಗೂ ನಿನ್ನ ಮಾವನ ತುಂಬು ಹೃದಯದ ಆಶೀರ್ವಾದ. ಮೈ ಹೇಗಿದೆಯಮ್ಮ? ಸೊಂಟದ ನೋವು ಇಳಿಯಿತೇ? ರಾತ್ರಿ ಕೂಸು ನಿನ್ನನ್ನು ಮಲಗಲು ಬಿಡುತ್ತದೆಯೇ, ಇಲ್ಲಾ ಅದರ ಅಪ್ಪ ಪ್ರೇಮನಂತೆ ಹಗಲೆಲ್ಲ ನಿದ್ದೆ, ರಾತ್ರಿಯೆಲ್ಲ ರಾಜ್ಯಭಾರವೇ? ಅಂಟಿನ ಉಂಡಿ ದಿನಕ್ಕೊಂದು ತಪ್ಪದೆ ತಿನ್ನಬೇಕೆಂದು ನಿನ್ನ ಅತ್ತೆಯ ಕಟ್ಟಪ್ಪಣೆ. ಡಬ್ಬಿ ಖಾಲಿಯಾಗಿದ್ದರೆ ಪ್ರೇಮನ ಕೈಯಲ್ಲಿ ಕಳಿಸು, ಮತ್ತೆ ತುಂಬಿ ಬರುತ್ತದೆ. ನಿನ್ನ ತಲೆಗೆ ಸ್ಕಾರ್ಫು ಸುತ್ತಿ, ಕಿವಿಗೆ ಹತ್ತಿ ತುರುಕಿ, ಫೋನನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದ್ದಾರಂತೆ ನಿನ್ನ ತಾಯಿ. ಬಾಣಂತಿ ಫೋನು ನೋಡಿದರೆ ಕಣ್ಣು ಹೋಗುತ್ತವೆ, ಗಾಳಿ ಹೊಕ್ಕರೆ ಕಿವಿ ಹೋಗುತ್ತವಂತೆ. ಬೀಗತಿಯವರ ಎದುರು ವಾದ ಮಾಡುವ ಎದೆ ನನಗಿಲ್ಲ. ಆದರೆ ಬಾಣಂತಿ ಪತ್ರ ಓದಬಾರದೆಂದು ಯಾವ ಹಿರಿಯರೂ ಹೇಳಿದ್ದು ನನಗೆ ನೆನಪಿಲ್ಲ, ಅದಕ್ಕೇ ಪೆನ್ನು ಹಿಡಿದಿದ್ದೇನೆ. ಹಗಲು ಬೆಳಕಿನಲ್ಲಿ ಸ್ವಲ್ಪಸ್ವಲ್ಪವಾಗಿ ಓದು.

ಮೊದಲು ನಿನ್ನ ಪ್ರಶ್ನೆಗೇ ಬರುತ್ತೇನೆ. ಕಳೆದ ಭಾನುವಾರ ಬೆಟಗೇರಿಯ ನಿನ್ನ ತವರಿನಿಂದ ಬಂದ ಪ್ರೇಮ ಚಪ್ಪಲಿ ಬಿಡುವ ಮೊದಲೇ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಎಲ್ಲ ಹೇಳಿದ. ಕೂಸನ್ನು ನೋಡಲು ಬಂದ ನಿನ್ನ ಸೋದರತ್ತೆ, ಚಿಕ್ಕಮ್ಮಂದಿರು, "ತಾಯಿ ಆದಿ, ಇನ್ ಹಾರೂದು ಗೀರೂದು ಸಾಕವಾ" ಎಂದು ಒಬ್ಬರಾದ ಮೇಲೊಬ್ಬರು ಹೇಳಿ ಹೋದರಂತೆ. ಎಲ್ಲರೂ ಹೋದ ಮೇಲೆ ನೀನು ಅವನಿಗೆ, "ನಾ ಬರೂದ್ರಾಗ ವಿಮಾನ ಶೆಡ್ಡಿನ್ಯಾಗ ಇರ್ತದೋ ಇಲ್ಲೋ? ಮಾವ ಹೂಂ ಅಂತಾರ, ನನಗ ಗೊತ್ತದ. ಅತ್ತಿ ಏನಂತಾರ ಕೇಳ್ಕೊಂಡ್ ಬರ್ರಿ" ಎಂದೆಯಂತೆ. ಹೇಳುವಾಗ ನಿನ್ನ ಕಣ್ಣು ತುಂಬಿದ್ದವು ಎಂದೂ ಹೇಳಿದ. ನಾಲ್ಕು ವರ್ಷ ಕಾಲೇಜಿನಲ್ಲಿ ಹುಡುಗರಿಗೆ ಪಾಠ ಹೇಳಿ ಬಂದು, ಚಹಾ ಕುಡಿದು, ನೇರವಾಗಿ ಹಿತ್ತಲಿನ ಶೆಡ್ಡಿಗೆ ಹೋಗಿ ಒಂದೊಂದೇ ಪಟ್ಟಿ ಕೂಡಿಸಿ ಆ ಪುಟ್ಟ ವಿಮಾನವನ್ನು ಕಟ್ಟಿದವಳು ನೀನು. ಮದುವೆಗೆ ಮುಂಚೆಯೇ ಹಾರಾಟದ ಲೈಸೆನ್ಸ್ ತೆಗೆದುಕೊಂಡವಳನ್ನು ಸೊಸೆ ಮಾಡಿಕೊಂಡದ್ದು ನಾವೇ, ಯಾರೂ ಒತ್ತಾಯ ಮಾಡಿರಲಿಲ್ಲ. ಆದರೆ ಈ ಮನೆಯಲ್ಲಿ ಕೊನೆಯ ಮಾತು ಯಾರದೆಂದು ನಿನಗೂ ಗೊತ್ತು. ಅವತ್ತು ಊಟದ ಹೊತ್ತಿಗೆ ಧೈರ್ಯ ಮಾಡಿ ನಿನ್ನ ಪ್ರಶ್ನೆಯನ್ನು ನಿನ್ನ ಅತ್ತೆ ಪ್ರಿಸಿಲ್ಲಾಳ ಮುಂದಿಟ್ಟೆ. ಅವಳು ಸೌಟು ಎತ್ತಿ, "ಪಲ್ಯಾ ಹಾಕ್ಲ್ಯಾ?" ಎಂದಳು. ಅಷ್ಟೇ. ಆ ಮೇಲೆ ಎರಡು ಸಲ ಬಡಿಸಿದಳು, ನನಗೆ ಹಸಿವೇ ಇರಲಿಲ್ಲ.

ಇರಲಿ, ನೀನು ತವರಿಗೆ ಹೊರಡುವಾಗ ಒಪ್ಪಿಸಿ ಹೋದ ಎರಡು ಕೆಲಸದ ಸುದ್ದಿ ಹೇಳುತ್ತೇನೆ. ಮೊದಲು ಎಂಜಿನ್ನಿಗೆ ಪೆಟ್ರೋಲು, ಗಾಳಿ ಬೆರೆಸಿ ಕೊಡುವ ಕಾರ್ಬುರೇಟರು. ಗೋಕುಲ ರಸ್ತೆಯ ಗುಲಾಬಸಾಬನನ್ನು ಕರೆಸಿದೆ. ಅವನು ನನ್ನ ಹಳೆಯ ಸ್ಕೂಟರಿನ ಖಾಯಂ ಡಾಕ್ಟರು. ಈಗಿನ ಗಾಡಿಗಳಿಗೆ ಕಾರ್ಬುರೇಟರೇ ಇಲ್ಲ, ಕೈಯ ವಿದ್ಯೆಗೆ ತುಕ್ಕು ಹಿಡಿಯುತ್ತಿದೆ ಎಂದು ಗೊಣಗುತ್ತಿದ್ದವನು, ಒಂದೇ ಎಂಜಿನ್ನಿಗೆ ಎರಡೆರಡು ಇವೆ ಎಂದು ಕೇಳಿದ್ದೇ ಅಂಗಡಿಗೆ ಬಾಗಿಲು ಹಾಕಿಕೊಂಡು ಬಂದ. ಬಂದವನು ಒಂದು ರಬ್ಬರ್ ಪೈಪಿನ ಒಂದು ತುದಿ ಕಿವಿಗೆ ಹಚ್ಚಿ, ಇನ್ನೊಂದು ತುದಿಯನ್ನು ಎಡಗಡೆಯ ಕಾರ್ಬುರೇಟರಿನ ಬಾಯಿಗೊಮ್ಮೆ, ಬಲಗಡೆಯದರ ಬಾಯಿಗೊಮ್ಮೆ ಹಿಡಿದು, ಎರಡೂ ಒಂದೇ ಸಮ ಉಸಿರಾಡುವವರೆಗೆ ತಿರುಪು ತಿರುಗಿಸಿದ. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಅವನ ಗಿರಾಕಿಗಳೆಲ್ಲ ಕೇಳುವುದು ಒಂದೇ ಮಾತು, ಆವರೇಜ್ ಎಷ್ಟು ಕೊಡ್ತದ ಅಂತ. ಕೈಗೆ ಬಂದ ರೂಢಿ ಬಿಡಬೇಕಲ್ಲ, ಪೆಟ್ರೋಲು ಬಿಗಿ ಮಾಡಿ, ಗಾಳಿ ಹೆಚ್ಚು ಮಾಡಿ, "ಈಗ ನೋಡ್ರಿ ಸಾಹೇಬ್ರ, ಹನಿ ಸುದ್ದಾ ಹೆಚ್ಚಿಗಿ ಕುಡ್ಯಾಂಗಿಲ್ಲ" ಎಂದು ಎದೆಯುಬ್ಬಿಸಿದ. ಸಣ್ಣ ವೇಗದಲ್ಲಿ ಎಂಜಿನ್ ಮುದ್ದಾಗಿ ಓಡಿತು. ಪೂರ್ತಿ ಜೋರು ಮಾಡಿದ್ದೇ ತಡ, ಕಾವಿನ ಮುಳ್ಳು ಕೆಂಪು ಗೆರೆಯ ಕಡೆ ಓಡತೊಡಗಿತು. ನಿಲ್ಲಿಸಿ ಪ್ಲಗ್ ಬಿಚ್ಚಿದರೆ ಬೂದಿ ಬಣ್ಣ, ಅತಿಯಾಗಿ ಕಾದದ್ದರ ಗುರುತು.

ನೀನು ಹೊರಡುವ ದಿನ ಹೇಳಿದ ಮಾತು ಆಗ ನೆನಪಾಯಿತು. "ಮಾವಾ, ಆವರೇಜ್ ಬ್ಯಾಡ ನಮಗ, ಅದು ತಂಪಿರಬೇಕು. ರಸ್ತೇದಾಗ ಕಾದ್ರ ಗಿಡದ ನೆಳ್ಳಿಗೆ ನಿಲ್ಲಸ್ಬಹುದು, ಮ್ಯಾಲ ಎಲ್ಲಿ ನಿಲ್ಲಸ್ಲಿ?" ಇದನ್ನು ಗುಲಾಬಸಾಬನಿಗೆ ಹೇಳಿದೆ. ಅವನು ಗಡ್ಡ ನೀವಿಕೊಂಡು, "ಖರೇ ಐತಲ್ರಿ" ಎಂದ. ಪೆಟ್ರೋಲು ಹಾದು ಬರುವ ಆ ಸಣ್ಣ ಹಿತ್ತಾಳೆಯ ಜೆಟ್ ತೆಗೆದು ದೊಡ್ಡ ತೂತಿನದು ಹಾಕಿದ. ಈಗ ಪ್ಲಗ್ ಬಿಚ್ಚಿದರೆ ಹದವಾಗಿ ಹುರಿದ ಶೇಂಗಾದ ಬಣ್ಣ, ಮುಳ್ಳು ಇರಬೇಕಾದಲ್ಲೇ ಇರುತ್ತದೆ. ಪೆಟ್ರೋಲು ಮಾತ್ರ ಕುಡಿಯುತ್ತದೆ, ಮದುವೆ ಮನೆಯ ಬೀಗರ ಹಾಗೆ.

ಇನ್ನು ವೈರಿಂಗು. ಇಲ್ಲಿ ನಿನ್ನ ಮಾವ ಏನು ಮಾಡಿದನೆಂದು ಓದಿ ಸಿಟ್ಟಾಗಬೇಡ, ಆದರೂ ಪರವಾಗಿಲ್ಲ, ಆಗು. ರೈಲ್ವೆ ವರ್ಕ್‌ಶಾಪಿನಲ್ಲಿ ತಂತಿಗಳ ಜೊತೆಗೇ ಕೂದಲು ಬೆಳ್ಳಗಾದವನಿಗೆ ನೀನು ಬರೆದಿಟ್ಟ ಚಿತ್ರದಲ್ಲಿ ಒಂದು ತಂತಿ ಕಣ್ಣಿಗೆ ಚುಚ್ಚಿತು. ಎಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೊದಿಂದ ಸ್ವಿಚ್ಚಿಗೆ ಒಂದು ತಂತಿ, ಸ್ವಿಚ್ಚಿನಿಂದ ನೇರವಾಗಿ ಎಂಜಿನ್ನಿನ ಮೈಗೆ ಇನ್ನೊಂದು. ಅಂದರೆ ಅರ್ಥ್, ಕರೆಂಟು ಮೈಗೆ ಇಳಿದುಹೋಗುವ ದಾರಿ! ನಮ್ಮಲ್ಲಿ ಒಂದು ತಂತಿ ಬೋಗಿಯ ಮೈಗೆ ತಾಗಿದೆ ಎಂದರೆ ದೊಡ್ಡ ಸಾಹೇಬರಿಂದ ಖಲಾಸಿಯವರೆಗೆ ಎಲ್ಲರ ನಿದ್ದೆ ಹೋಗುತ್ತಿತ್ತು. ಪಾಪ, ಬಸುರಿ ಹುಡುಗಿ ದಣಿವಿನಲ್ಲಿ ತಪ್ಪು ಗೆರೆ ಎಳೆದಿರಬೇಕು ಎಂದುಕೊಂಡೆ. ಆ ತಂತಿಯನ್ನು ತೆಗೆದು, ತುದಿಗೆ ಟೇಪು ಸುತ್ತಿ, ಸೊಸೆಯ ತಪ್ಪು ತಿದ್ದಿದೆನೆಂದು ಒಳಗೊಳಗೇ ಮೀಸೆ ತಿರುವಿದೆ. ಎಂಜಿನ್ ಯಾವ ತಕರಾರೂ ಇಲ್ಲದೆ ಶುರುವಾಯಿತು. ನಿಲ್ಲಿಸುವಾಗ ಗುಲಾಬಸಾಬ ತನ್ನ ಪದ್ಧತಿಯಂತೆ ಪೆಟ್ರೋಲ್ ಕಾಕ್ ಎಂಬ ನಲ್ಲಿಯನ್ನೇ ಬಂದ್ ಮಾಡುತ್ತಿದ್ದ, ಕಾರ್ಬುರೇಟರು ಬತ್ತಿ ಅದು ತಾನಾಗಿ ನಿಲ್ಲುತ್ತಿತ್ತು. ಆಮೇಲೆ ನಾನು ಗತ್ತಿನಿಂದ ಸ್ವಿಚ್ಚು ಆಫ್ ಮಾಡುತ್ತಿದ್ದೆ. ಆ ಸ್ವಿಚ್ಚು ಏನೂ ಕೆಲಸ ಮಾಡುತ್ತಿಲ್ಲ ಎಂಬುದು ಇಬ್ಬರಿಗೂ ಗೊತ್ತಾಗಲಿಲ್ಲ.

ಬುಧವಾರ ಖಂಡೇನವಮಿ, ಆಯುಧಪೂಜೆಯ ದಿನ. ಬೆಳಿಗ್ಗೆ ಎಂಜಿನ್ ಓಡಿಸಿ, ನಿಲ್ಲಿಸಿ, ಕಾರ್ಬುರೇಟರು ತುಂಬಿದಾಗ ಸೋರುತ್ತದೆಯೇ ನೋಡಲು ಕಾಕನ್ನು ಮತ್ತೆ ತೆರೆದಿಟ್ಟು, ನಾವಿಬ್ಬರೂ ಮುಂದಿನ ಕಟ್ಟೆಗೆ ಚಹಾ ಕುಡಿಯಲು ಬಂದೆವು. ಪಕ್ಕದ ಮನೆಯ ಸತ್ಯವ್ವ ನಿನಗೆ ಗೊತ್ತೇ ಇದ್ದಾಳೆ, ಪ್ರತಿ ವರ್ಷ ತಮ್ಮ ಟಂಟಂ ಆಟೋದ ಪೂಜೆ ಮುಗಿಸಿ ಉಳಿದ ಮಾಲೆಯನ್ನು ನನ್ನ ಸ್ಕೂಟರಿಗೆ ಹಾಕಿ ಹೋಗುವವಳು. ನಾವು ಚರ್ಚಿಗೆ ಹೋಗುವವರು, ನಮ್ಮಲ್ಲಿ ಇದೆಲ್ಲ ಇಲ್ಲ ಎಂದು ಒಮ್ಮೆ ಹೇಳಿದ್ದಕ್ಕೆ, "ದೇವ್ರು ಬ್ಯಾರೆ ಇರಬಹುದ್ರಿ ಅಣ್ಣಾರ, ಗಾಡಿ ಗಾಡಿನ ಅಲ್ಲೇನ್ರಿ?" ಎಂದು ನನ್ನ ಬಾಯಿ ಮುಚ್ಚಿಸಿದ್ದಳು. ಈ ಸಲ ಸ್ಕೂಟರಿನ ಜೊತೆಗೆ, "ಜೆಸ್ಸಿ ವಿಮಾನಕ್ಕ" ಎಂದು ಚೆಂಡುಹೂವಿನ ದೊಡ್ಡ ಮಾಲೆಯನ್ನೇ ಕಟ್ಟಿ ತಂದಿದ್ದಾಳೆ. ನಿನ್ನ ಅತ್ತೆ ಎಂದೂ ಶೆಡ್ಡಿಗೆ ಕಾಲಿಡದವಳು, ಅವಳ ಜೊತೆ ಮಾತಾಡುತ್ತ ಬಾಗಿಲವರೆಗೂ ಹೋಗಿದ್ದಾಳೆ. ಸತ್ಯವ್ವ ಮಾಲೆಯನ್ನು ವಿಮಾನದ ಮೂಗಿಗಿರುವ ಪಂಖಕ್ಕೆ ಹಾಕಿದಳು. ಪಂಖ ಓರೆಯಾಗಿ ನಿಂತಿತ್ತು, ಮಾಲೆಯೂ ಓರೆಯಾಯಿತು. ಓರೆ ಮಾಲೆ ಯಾವ ಹೆಣ್ಣುಮಗಳಿಗೆ ಸರಿ ಕಾಣುತ್ತದೆ? ನೆಟ್ಟಗೆ ನಿಲ್ಲಿಸಬೇಕೆಂದು ಪಂಖವನ್ನು ಜೋರಾಗಿ ಕೆಳಕ್ಕೆ ತಳ್ಳಿ, ಚೆಂದ ಕಾಣುತ್ತದೆಯೇ ಎಂದು ನೋಡಲು ಹಿಂದೆ ಸರಿದಳು. ಸರಿದದ್ದೇ ಅವಳ ಪುಣ್ಯ, ನಮ್ಮ ಪುಣ್ಯ. ಎಂಜಿನ್ ಇನ್ನೂ ಬಿಸಿ, ಕಾರ್ಬುರೇಟರಿನ ತುಂಬ ಪೆಟ್ರೋಲು. ಟಕ್ ಎಂದಿತು, ಗುರ್ ಎಂದು ನಾಲ್ಕಾರು ಸುತ್ತು ತಿರುಗಿ, ವೇಗದ ಹಿಡಿ ಪೂರ್ತಿ ಮುಚ್ಚಿದ್ದರಿಂದ ನಿಂತಿತು. ನಾವು ಓಡಿ ಬರುವಷ್ಟರಲ್ಲಿ ಶೆಡ್ಡಿನ ಗೋಡೆ, ತಗಡು, ಸತ್ಯವ್ವನ ತಲೆ, ಎಲ್ಲ ಕಡೆ ಚೆಂಡುಹೂವಿನ ಎಸಳು.

ಒಂದು ಬಳೆಯೂ ಒಡೆದಿರಲಿಲ್ಲ, ದೇವರಿಗೆ ಸ್ತೋತ್ರ. ಸತ್ಯವ್ವ ಉಸಿರು ತಿರುಗಿದ ಮೇಲೆ ನಕ್ಕಳು, ಈಗ ಓಣಿಯಲ್ಲಿ ಎಲ್ಲರ ಮುಂದೆ, "ಮಾಲಿ ಬಿದ್ದ ಕೂಡ್ಲೆ ಹಾರಾಕ ಹೊಂಟ ನಿಂತಿತ್ರೀ!" ಎಂದು ತನ್ನ ಪೂಜೆಯ ಮಹಿಮೆ ಹೇಳುತ್ತಿದ್ದಾಳೆ. ನಾನು ಮಾತ್ರ ವಿಮಾನದೊಳಗೆ ಬಗ್ಗಿ ನೋಡಿದೆ. ಸ್ವಿಚ್ಚು ಆಫ್ ಇತ್ತು. ಅಲ್ಲೇ ಕಲ್ಲಿನ ಮೇಲೆ ಕುಳಿತು ಯೋಚಿಸಿದಾಗ ಬುದ್ಧಿಗೆ ಹೊಳೆಯಿತು. ಮ್ಯಾಗ್ನೆಟೊಗೆ ಬ್ಯಾಟರಿ ಬೇಡ, ಪಂಖ ತಿರುಗಿದರೆ ಕಿಡಿಯನ್ನು ಅದೇ ಹುಟ್ಟಿಸುತ್ತದೆ. ಅದರ ಬಾಯಿ ಮುಚ್ಚಿಸುವ ದಾರಿ ಒಂದೇ, ಅರ್ಥ್ ಮಾಡುವುದು. ನಮ್ಮ ದೀಪಕ್ಕೆ ತಂತಿ ಕಡಿದರೆ ಆರುತ್ತದೆ, ಇದಕ್ಕೆ ತಂತಿ ಕಡಿದರೆ ಆರುವುದೇ ಇಲ್ಲ. ನೀನು ಎಳೆದ ಗೆರೆ ಸರಿ ಇತ್ತು. ನಾನೇ ಅದನ್ನು ತೆಗೆದು ಟೇಪು ಸುತ್ತಿದ್ದೆ. ಇದನ್ನು ಇದ್ದ ಹಾಗೆ ಪ್ರಿಸಿಲ್ಲಾಳಿಗೆ ಹೇಳಿದೆ. ಅವಳು ನನ್ನನ್ನೇ ನೋಡಿ, "ಅಲ್ರೀ, ಆಕಿ ಬರದಿಟ್ಟಂಗ ಮಾಡಿದ್ರ ನಿಮ್ಮ ಗಂಟೇನ್ ಹೋಗ್ತಿತ್ತು?" ಎಂದು ಒಳಗೆ ಹೋದಳು. ಜೆಸ್ಸಿ, ನಿನ್ನ ಪ್ರಶ್ನೆಗೆ ಊಹೂಂ ಎಂಬ ಉತ್ತರ ಬಂದೇ ಹೋಯಿತು, ಅದೂ ನನ್ನ ಕೈಯಿಂದಲೇ ಕೆಟ್ಟಿತು ಎಂದುಕೊಂಡೆ. ಎರಡು ದಿನ ಶೆಡ್ಡಿನ ಕಡೆ ನೋಡುವುದಕ್ಕೂ ಮನಸ್ಸು ಬರಲಿಲ್ಲ.

ಈ ಹೊತ್ತು ಬೆಳಿಗ್ಗೆ ಮನಸ್ಸು ಗಟ್ಟಿ ಮಾಡಿ, ನಿನ್ನ ಚಿತ್ರವನ್ನು ಎದುರಿಗಿಟ್ಟುಕೊಂಡು, ತುಟಿ ಪಿಟಕ್ ಎನ್ನದೆ ಅದರಂತೆಯೇ ತಂತಿ ಜೋಡಿಸಿದೆ. ಮೀಟರು ಹಚ್ಚಿ ನೋಡಿದೆ. ಶೆಡ್ಡಿನ ಬಾಗಿಲಿಗೆ ಅಗುಳಿ ಹಾಕಿಸಿದೆ, ಬಾಗಿಲ ಮೇಲೆ "ಪಂಖ ಮುಟ್ಟಬಾರದು" ಎಂದು ದೊಡ್ಡದಾಗಿ ಬರೆದೆ. ಚಕ್ರಕ್ಕೆ ಕಲ್ಲು ಕೊಟ್ಟು, ಹಿಂದಿನ ಕಂಬಕ್ಕೆ ಬಿಗಿದು ಗುಲಾಬಸಾಬ ಪಂಖ ತಿರುಗಿಸಿದ. ನೀನು ಕೇಳಬೇಕಿತ್ತು! ಎರಡೂ ಕಡೆ ಒಂದೇ ಉಸಿರು, ತೊದಲಿಲ್ಲ, ಕೆಮ್ಮಿಲ್ಲ. ಆಗ ನೋಡಿದರೆ ನಿನ್ನ ಅತ್ತೆ ಸೆರಗು ಸಿಕ್ಕಿಸಿಕೊಂಡು ನನ್ನ ಬೆನ್ನ ಹಿಂದೆ ನಿಂತಿದ್ದಾಳೆ. "ಬಂದ್ ಮಾಡಿ ತೋರಸ್ರಿ" ಎಂದಳು. ಸ್ವಿಚ್ಚು ಒತ್ತಿದೆ, ಎಂಜಿನ್ ತಟಕ್ಕನೆ ನಿಂತಿತು. "ಇನ್ನೊಮ್ಮೆ" ಎಂದಳು. ಮತ್ತೆ ಶುರು ಮಾಡಿ ಮತ್ತೆ ನಿಲ್ಲಿಸಿದೆ. ಮೂರನೆಯ ಸಲ ತಾನೇ ಕೈ ಚಾಚಿ ಸ್ವಿಚ್ಚು ಒತ್ತಿದಳು. ನಿಂತಿತು. ಕೈ ಒರೆಸಿಕೊಂಡು ಒಳಗೆ ಹೋಗಿ ರೊಟ್ಟಿಗೆ ಹಿಟ್ಟು ನಾದತೊಡಗಿದಳು.

ಹೀಗಾಗಿ ನಿನ್ನ ಅತ್ತೆಯ ಮಾತಿಗೆ ನಾವಿಬ್ಬರೂ ಇನ್ನೂ ಕಾಯಬೇಕು. ಆದರೂ ನಾನು ಸಂತೋಷವಾಗಿದ್ದೇನೆ, ಮುಚ್ಚಿಡುವುದೇಕೆ? ನಿವೃತ್ತಿಯಾದ ಮೇಲೆ ಇಷ್ಟು ಹಿಗ್ಗು ನನಗೆ ಎಂದೂ ಆಗಿರಲಿಲ್ಲ. ಮನೆಗೆ ಮೊಮ್ಮಗಳು ಬಂದಳು, ಎಂಜಿನ್ ಓಡಿತು, ಸೊಸೆ ನನಗಿಂತ ಜಾಣೆ ಎಂಬುದು ರುಜುವಾತಾಯಿತು. ದಿಲ್ಲಿಯಿಂದ ಹಾರಾಟದ ಅನುಮತಿಯ ಕಾಗದ ಬರುವುದು ಹೇಗೂ ಇನ್ನೂ ತಡ. ನೀನು ಮೈ ನೋಡಿಕೋ, ಹೊತ್ತಿಗೆ ಸರಿಯಾಗಿ ಉಣ್ಣು, ಸಂಬಂಧಿಕರ ಮಾತನ್ನು ಕಿವಿಯ ಹತ್ತಿಯ ಹೊರಗೇ ನಿಲ್ಲಿಸು. ಬೀಗರಿಗೂ ಬೀಗತಿಯವರಿಗೂ ನಮ್ಮಿಬ್ಬರ ನಮಸ್ಕಾರ ಹೇಳು. ಕೂಸಿನ ಹಣೆಗೆ ಅಜ್ಜನದೊಂದು ಮುತ್ತು. ಸ್ವಾಮಿಯ ಕೃಪೆ ತಾಯಿ ಮಗಳಿಬ್ಬರ ಮೇಲೂ ಸದಾ ಇರಲಿ.

ನಿನ್ನ ಮಾವ,
ಪೀಟರ್

ತಾ.ಕ.: ಭಾನುವಾರ. ಚರ್ಚ್ ಮುಗಿಸಿ ಬಂದ ಪ್ರೇಮ ನಿನ್ನ ಕಡೆ ಹೊರಡಲು ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ, ಅಕ್ಷರ ಹೇಗೇ ಇದ್ದರೂ ಹೊಂದಿಸಿಕೊಂಡು ಓದು. ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ನಿನ್ನ ಅತ್ತೆ ಪತ್ರ ಕಸಿದುಕೊಂಡು, ಕನ್ನಡಕ ಹಾಕಿಕೊಂಡು ಪೂರ್ತಿ ಓದಿದಳು. ಓದಿ, "ಕೂಸು ಎಷ್ಟೊತ್ತಿಗೊಮ್ಮೆ ಹಾಲಿಗೆ ಅಳ್ತದಂತ?" ಎಂದು ಕೇಳಿದಳು. ಎರಡು ತಾಸಿಗೊಮ್ಮೆ ಎಂದು ಪ್ರೇಮ ಹೇಳಿದ್ದ, ಅದನ್ನೇ ಹೇಳಿದೆ. "ಜೆಸ್ಸಿ ಒಮ್ಮೆ ಮ್ಯಾಲ ಹೋದ್ರ ಇಳಿಯಾಕ ಎಷ್ಟೊತ್ತು?" ಎಂದಳು. ಮೊದಲನೆಯ ಸಲ ಬಯಲಿನ ಸುತ್ತಲೇ ತಿರುಗಿ ಕಾಲು ತಾಸಿನೊಳಗೆ ಇಳಿಯಬೇಕು ಎಂದೆ. ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತ ನಿಂತಳು. ಆಮೇಲೆ ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ: "ಹಂಗಾರ ಕೂಸಿಗೆ ಹೊಟ್ಟಿ ತುಂಬ ಹಾಲು ಕುಡಿಸಿ ವಿಮಾನ ಹತ್ತು ಅಂತ ಬರೀರಿ. ಆಕಿ ಇಳಿಯೂತನಕ ಕೂಸು ನನ್ನ ಹೆಗಲ ಮ್ಯಾಲಿರ್ತದ."