ಹಾರುವ ಗುಂಡಿ ಅಕ್ಕನದು

ಜೂನ್ 2, ಮಂಗಳವಾರ

ಇವತ್ತು ಅಂಗಡಿಯಲ್ಲಿ ಹದಿನಾಲ್ಕು ಫೋನಿನ ಪರದೆಗೆ ಗ್ಲಾಸ್ ಅಂಟಿಸಿದೆ. ಒಂದರಲ್ಲಿ ಮಾತ್ರ ಗುಳ್ಳೆ. ಒಬ್ಬ ಗಿರಾಕಿ ಕೇಳಿದರು, "ಇದು ಹಾಕಿದ್ರೆ ಫೋನ್ ಬಿದ್ರೂ ಒಡೆಯಲ್ಲ ಅಲ್ವಾ?"

"ಒಡೆಯುತ್ತೆ ಸರ್. ಬೀಳಿಸ್ಬೇಡಿ, ಅಷ್ಟೆ."

ಎದ್ದು ಹೋದರು. ಯಜಮಾನರು ತಲೆ ಚಚ್ಚಿಕೊಂಡರು. "ನಿನ್ನ ಬಾಯಿಗೂ ಒಂದು ಗ್ಲಾಸ್ ಅಂಟಿಸ್ಬೇಕು ಕಣೋ."

ಮಧ್ಯಾಹ್ನ ಯಾರೂ ಬರಲಿಲ್ಲ. ಫೋನಿನಲ್ಲಿ ಹೊಸ ಗೇಮ್ ಹಾಕಿಕೊಂಡೆ. ತೆರೆದದ್ದೇ ತಡ — ನೂರು ವಜ್ರ, ಒಂದು ಕತ್ತಿ, ಪಟಾಕಿ ಸದ್ದು. ನಾನೇನು ಮಾಡಿದೆ ಅಂತ? ಅಳಿಸಿ ಹಾಕಿದೆ. ಚಿಕ್ಕಂದಿನಲ್ಲಿ ನಾನೂ ಅಕ್ಕನೂ ಆಡುತ್ತಿದ್ದ ಛತ್ರಿ ಬೆಕ್ಕಿನ ಆಟ ಹೀಗಿರಲಿಲ್ಲ. ಮೂರೇ ಜೀವ. ಹೋದವೋ, ಮತ್ತೆ ಮೊದಲಿನಿಂದ.

ಜೂನ್ 4, ಸಂಜೆ 7

ಅಕ್ಕನಿಗೆ ಬೇರೆ ಊರಿನ ಶಾಲೆಯಲ್ಲಿ ಕೆಲಸ ಸಿಕ್ಕಿದೆ. ಹದಿನಾಲ್ಕಕ್ಕೆ ಹೊರಡುತ್ತಾಳಂತೆ. ಹೇಳಿದ್ದು ಅಮ್ಮ. ಅಕ್ಕ ನನ್ನ ಜೊತೆ ಮಾತು ಬಿಟ್ಟು ಎರಡು ತಿಂಗಳು — ನಾನು ಶಾಲೆ ಬಿಟ್ಟ ದಿನದಿಂದ. ಅದೇ ಶಾಲೆಯಲ್ಲಿ ಅವಳು ಟೀಚರ್.

ಊಟಕ್ಕೆ ಎದುರುಬದುರು ಕೂತು, "ಅಮ್ಮಾ, ಆ ಜಗ್ ಈ ಕಡೆ ತಳ್ಳೋಕೆ ಹೇಳು" ಅನ್ನುತ್ತಾಳೆ. ಜಗ್ ಇರುವುದು ನನ್ನ ಮೊಣಕೈ ಪಕ್ಕ.

"ನಾನೇನು ಪೋಸ್ಟಾಫೀಸಾ?" ಅಂತ ಅಮ್ಮ.

ಯಾಕೆ ಬಿಟ್ಟೆ ಎಂದು ಅಕ್ಕ ಒಮ್ಮೆಯೂ ಕೇಳಲಿಲ್ಲ. ಕೇಳಿದರೆ ನಿಜ ಹೇಳಬೇಕಾಗುತ್ತದೆ, ಅದೇ ಭಯ. ಕೇಳದೆ ಹೊರಟೇಹೋದರೆ... ಅದು ಇನ್ನೂ ದೊಡ್ಡ ಭಯ.

ಜೂನ್ 9

ಅಟ್ಟದಿಂದ ಹಳೇ ವಿಡಿಯೋ ಗೇಮ್ ಇಳಿಸಿದೆ. ಕ್ಯಾಸೆಟ್ಟಿನ ಬಾಯಿಗೆ ಉಫ್ ಎಂದು ಊದಿದೆ, ಅಕ್ಕ ಊದುತ್ತಿದ್ದ ಹಾಗೆ. ನಡೆಯಿತು!

ಆಗ ನನಗೆ ಐದು, ಅವಳಿಗೆ ಹನ್ನೆರಡು. ಜಾಯ್‌ಸ್ಟಿಕ್ ಎರಡಿದ್ದವು. ಒಂದಕ್ಕೆ ನಾನು ಬಕೆಟ್ಟಿನಲ್ಲಿ ಸ್ನಾನ ಮಾಡಿಸಿದೆ. ಉಳಿದದ್ದನ್ನು ಇಬ್ಬರೂ ಸೇರಿ ಹಿಡಿಯುತ್ತಿದ್ದೆವು. ಓಡಿಸುವ ಎಡಗಡೆ ನನ್ನದು, ಹಾರುವ ಗುಂಡಿ ಅವಳದು. ರಜೆಯ ಮಧ್ಯಾಹ್ನವೆಲ್ಲ ಭುಜಕ್ಕೆ ಭುಜ. "ಹಾರೇ!" "ಓಡೋ ಕತ್ತೆ!" ಪರದೆಯ ಅಕ್ಷರ ಯಾವ ದೇಶದ್ದೋ, ಓದಲು ಬರುತ್ತಿರಲಿಲ್ಲ. ಹೆಸರೆಲ್ಲ ನಾವೇ ಇಟ್ಟದ್ದು. ಸೊಂಟಕ್ಕೆ ಕೈ ಕೊಟ್ಟು ನಿಲ್ಲುವ ರಾಕ್ಷಸನ ಹೆಸರು ದೊಡ್ಡಪ್ಪ. ಒಮ್ಮೆ ನಿಜವಾದ ದೊಡ್ಡಪ್ಪ ಬಾಗಿಲಿಗೆ ಬಂದಾಗಲೇ, "ದೊಡ್ಡಪ್ಪನ ತಲೆ ಮೇಲೆ ಹಾರೇ" ಎಂದು ಕಿರುಚಿದ್ದೆ. ಅಕ್ಕ ನಕ್ಕೂ ನಕ್ಕೂ ಬಿಕ್ಕಳಿಸಿದ್ದಳು.

ಇವತ್ತು ಒಬ್ಬನೇ ಆಡಿದೆ. ನನ್ನ ಬಲಗೈ ಹೆಬ್ಬೆರಳಿಗೆ ಹಾರುವುದೇ ಗೊತ್ತಿಲ್ಲ. ಮೊದಲ ಹೊಂಡಕ್ಕೆ ಹನ್ನೊಂದು ಸಲ ಬಿದ್ದೆ.

ಬಾಗಿಲಿನಿಂದ ದನಿ: "ಅಮ್ಮಾ, ಅವನಿಗೆ ಹೇಳು, ಗುಂಡಿ ತಡವಾಗಿ ಒತ್ತುತಿದಾನೆ."

ಜೂನ್ 13, ಶನಿವಾರ, ಸಂಜೆ 5

ಮೂರು ಗಂಟೆಗೆ ಅಕ್ಕ ಬಂದು ಪಕ್ಕದಲ್ಲಿ ಕೂತಳು. ಜಾಯ್‌ಸ್ಟಿಕ್ಕಿನ ಬಲಗಡೆ ಹಿಡಿದಳು. ನಾನು ಓಡಿಸಿದೆ. ಮೂಕರ ಆಟ. ಬಿದ್ದೆವು. ಮತ್ತೆ ಬಿದ್ದೆವು.

"ಹಾರು ಅನ್ನೋ! ನಿನ್ನ ಬಾಯಿಗೇನಾಗಿದೆ?"

ಎರಡು ತಿಂಗಳಲ್ಲಿ ಮೊದಲ ಮಾತು. ಅಂದೆ. ಹಾರಿದಳು. ಬೆಕ್ಕು ಎರಡನೇ ಹಂತ ದಾಟಿತು, ಮೂರನೆಯದನ್ನೂ. ಪರದೆಯಿಂದ ಕಣ್ಣು ತೆಗೆಯದೆ ಕೇಳಿದಳು, "ಯಾಕೋ ಬಿಟ್ಟೆ?"

"ಗಣಿತದ ಪೇಪರಲ್ಲಿ ಹೆಸರು ಬಿಟ್ಟು ಏನೂ ಬರೆದಿರ್ಲಿಲ್ಲ ಅಕ್ಕ. ನಲವತ್ತೊಂದು ಮಾರ್ಕ್ಸ್ ಬಂತು."

ಬೆಕ್ಕು ಹೊಂಡದ ಅಂಚಿನಲ್ಲಿ ನಿಂತಿತು. ನಾನು ಓಡಿಸಲಿಲ್ಲ, ಅವಳು ಒತ್ತಲಿಲ್ಲ.

"ಪಾಸು ಮಾಡಿ ಅಂತ ಮೇಷ್ಟ್ರನ್ನ ಕೇಳ್ಕೊಂಡಿದ್ದು ನಾನೇ."

"ಗೊತ್ತು. ಅವ್ರೇ ಹೇಳಿದ್ರು — ನಿಮ್ಮಕ್ಕನ ಮುಖ ನೋಡಿ ಅಂತ."

"ಗೊತ್ತಿದ್ದೂ ಸುಮ್ನಿದ್ಯಾ? ನೀನು?"

"ಯಾರೂ ಕೇಳ್ಲಿಲ್ಲ."

ನಗಲು ಹೋದಳು, ಆಗಲಿಲ್ಲ. "ಒಂದು ವರ್ಷ ಹಾಳಾಗ್ದೇ ಇರ್ಲಿ ಅಂತ ಕಣೋ."

"ಪಾಸಾಗಿದ್ದು ನೀನು ಅಕ್ಕ. ನಾನಲ್ಲ."

ಒಳಗಿನಿಂದ ಅಮ್ಮ, "ಏನು ಹೇಳ್ಬೇಕು ಅವನಿಗೆ?"

"ಏನೂ ಬೇಡಮ್ಮ. ನಾನೇ ಹೇಳ್ತೀನಿ."

ಹೇಳಿದಳು. ಸಣ್ಣ ದನಿಯಲ್ಲಿ. ನನಗೆ ಹೇಳಿದ್ದು, ಇಲ್ಲಿ ಬರೆಯುವುದಿಲ್ಲ.

ಜೂನ್ 14, ಬೆಳಗ್ಗೆ 6.20

ಏಳಕ್ಕೆ ಬಸ್. ಎದ್ದದ್ದೇ ಅಕ್ಕ ಒಂದು ಫಾರ್ಮ್ ತಂದು ನನ್ನ ಮುಂದೆ ಇಟ್ಟಳು. ಶಾಲೆಗೆ ಹೋಗದೆ ಹೊರಗಿನಿಂದ ಕೂತು ಪರೀಕ್ಷೆ ಬರೆಯುವುದಕ್ಕೆ.

"ಫೇಲಾಗ್ತೀನಿ" ಎಂದೆ.

"ಆಗು. ಅದು ನಿಂದೇ ಫೇಲು. ಯಾರೂ ಕೈ ಹಾಕಲ್ಲ."

ಹೆಸರು ತುಂಬಿದೆ. ಹುಟ್ಟಿದ ದಿನ ತುಂಬಿದೆ. ಕೊನೆಯ ಖಾನೆ: ಶಾಲೆ ಬಿಟ್ಟ ಕಾರಣ. ಎರಡು ಬೆರಳಗಲ ಜಾಗ. ಪೆನ್ನು ನಿಂತಿತು. ಇದು ಅಕ್ಕನ ಹೊಸ ಶಾಲೆಯವರೆಗೂ ಹೋದರೆ?

"ಹುಷಾರಿರ್ಲಿಲ್ಲ ಅಂತ ಬರೀಲಾ ಅಕ್ಕ?"

ಚಪ್ಪಲಿ ಹಾಕಿಕೊಳ್ಳುತ್ತಿದ್ದವಳು ತಲೆ ಎತ್ತಿದಳು. ಮುಖ ಬಿಳಿಚಿಕೊಂಡಿತ್ತು. "ನಿಂಗೆ ಸುಳ್ಳು ಬರೆಯೋಕೆ ಬರುತ್ತೇನೋ? ಇದ್ದದ್ದು ಬರಿ."

"ನಿನ್ನ ಕೆಲ್ಸ?"

"ಬರಿ ಅಂದೆನಲ್ಲ."

ಆಟೋ ಬಂತು. ಹಾರ್ನ್. ಫಾರ್ಮಿಗೆ ಮೊದಲು ಇಲ್ಲಿ ಬರೆದು ನೋಡುತ್ತೇನೆ, ಅಕ್ಷರ ಸರಿಯಾಗಿ ಬರಲಿ. ಕಾರಣ: ನನ್ನ ಅಕ್ಕ ನನ್ನನ್ನು ಪಾಸು ಮಾಡಿಸಿದಳು, ನಾನು ಪಾಸಾಗಿರಲಿಲ್ಲ.